ಲೋಹ ಎಲ್ಲಿಗೆ ಹೋಯಿತು?

ನಡುವಿನ ತಿರುಳು ಕಳಚಿ ಹಳದಿ ಬಳೆಯಷ್ಟೇ ಉಳಿದ ಹತ್ತು ರೂಪಾಯಿ. ಸಿಂಹಗಳು ಪಕ್ಕಕ್ಕೆ ಸರಿದು ಅರ್ಧ ಮಾತ್ರ ಕಾಣುವ ಐದು ರೂಪಾಯಿ. ಅಂಚಿನಲ್ಲಿ ಅರ್ಧಚಂದ್ರಾಕಾರದ ತುಂಡು ಹಾರಿಹೋದ ಒಂದು ರೂಪಾಯಿ. ಇಂಥವುಗಳ ಚಿತ್ರ ತೋರಿಸಿ, ನಿಮ್ಮ ಮನೆಯ ಚಿಲ್ಲರೆ ಡಬ್ಬಿಯಲ್ಲೂ ಲಕ್ಷ ರೂಪಾಯಿ ಅಡಗಿರಬಹುದು ಎನ್ನುವ ವಿಡಿಯೊಗಳಿಗೆ ಈಗ ಬರವಿಲ್ಲ. ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಶುಲ್ಕ, ಕಮಿಷನ್, ತೆರಿಗೆ ಎಂದು ಜನರಿಂದ ದುಡ್ಡು ಕೀಳುವವರಿದ್ದಾರೆ, ಎಚ್ಚರ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಆದರೆ ಮೋಸಗಾರರನ್ನು ಬದಿಗಿಟ್ಟರೂ ಮೂಲ ಪ್ರಶ್ನೆ ಹಾಗೇ ಉಳಿಯುತ್ತದೆ. ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ ನಾಣ್ಯಗಳು ನಿಜಕ್ಕೂ ಇವೆ. ಸಂಗ್ರಾಹಕರು ಅವನ್ನು ಎರರ್ ಕಾಯಿನ್ ಎನ್ನುತ್ತಾರೆ, ಒಳ್ಳೆಯ ಬೆಲೆಯನ್ನೂ ಕೊಡುತ್ತಾರೆ. ಹುಟ್ಟಿದ ಮೇಲೆ ಪೆಟ್ಟು ತಿಂದ, ಸವೆದ, ಬೇಕೆಂದೇ ಕೆಡಿಸಿದ ನಾಣ್ಯಗಳು ಅವುಗಳಿಗಿಂತ ಸಾವಿರಾರು ಪಟ್ಟು ಹೆಚ್ಚಿವೆ. ಇವೆರಡನ್ನೂ ಬೇರ್ಪಡಿಸಲು ಹೆಚ್ಚಿನವರು ಹಿಡಿಯುವ ದಾರಿ ವಿಚಿತ್ರದ ಪ್ರಮಾಣವನ್ನು ಅಳೆಯುವುದು: ಇಂಥದ್ದನ್ನು ಹಿಂದೆಂದೂ ಕಂಡಿಲ್ಲ, ಆದ್ದರಿಂದ ಇದು ಅಪರೂಪದ ಎರರ್. ಈ ತರ್ಕ ತಲೆಕೆಳಗಾಗಿದೆ. ಕೇಳಬೇಕಾದದ್ದು ನಾಣ್ಯ ಎಷ್ಟು ವಿಚಿತ್ರವಾಗಿದೆ ಎಂದಲ್ಲ. ಟಂಕಸಾಲೆಯ ಯಾವ ಹಂತದಲ್ಲಿ ಇದು ಹೀಗಾಗಲು ಸಾಧ್ಯ, ಹೀಗಾದಾಗ ಇದರ ಲೋಹ ಎಲ್ಲಿಗೆ ಹೋಯಿತು ಎಂದು.

ಆ ಹಂತಗಳು ಹೆಚ್ಚೇನಿಲ್ಲ. ಲೋಹದ ಉದ್ದನೆಯ ಪಟ್ಟಿಯಿಂದ ಯಂತ್ರ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತದೆ. ಅವನ್ನು ಕಾಯಿಸಿ ಮೆದು ಮಾಡಿ, ತೊಳೆದು, ಇನ್ನೊಂದು ಯಂತ್ರದಲ್ಲಿ ಉರುಳಿಸಿ ಸುತ್ತಲೂ ಅಂಚು ಎಬ್ಬಿಸುತ್ತಾರೆ. ಕೊನೆಗೆ ಬಿಲ್ಲೆ ಪ್ರೆಸ್ಸಿಗೆ ಬರುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಕಾಲರ್ ಎಂಬ ಉಕ್ಕಿನ ಉಂಗುರ. ಕಣ್ಣು ಮಿಟುಕಿಸುವಷ್ಟರಲ್ಲಿ ಟನ್ನುಗಟ್ಟಲೆ ಒತ್ತಡ ಬಿದ್ದು, ಎರಡು ಮುಖಗಳೂ ಅಂಚೂ ಒಟ್ಟಿಗೆ ಮೂಡುತ್ತವೆ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಹೀಗೆ ನಮ್ಮ ನಾಲ್ಕೂ ಟಂಕಸಾಲೆಗಳಲ್ಲಿ ನಡೆಯುವುದು ಇದೇ. ತಪ್ಪು ನುಸುಳಬೇಕಾದರೆ ಬಿಲ್ಲೆಯಲ್ಲಿ ನುಸುಳಬೇಕು, ಇಲ್ಲವೇ ಅಚ್ಚಿನಲ್ಲಿ, ಇಲ್ಲವೇ ಆ ಒಂದು ಒತ್ತಿನ ಗಳಿಗೆಯಲ್ಲಿ. ನಾಲ್ಕನೆಯ ಬಾಗಿಲಿಲ್ಲ. ಪ್ರೆಸ್ಸಿನ ಒತ್ತು ಎರಡೂ ಮುಖಗಳಿಗೆ ಒಮ್ಮೆಗೇ ಬೀಳುತ್ತದೆ. ಹೊರಗಿನ ಪೆಟ್ಟು ಸಾಮಾನ್ಯವಾಗಿ ಒಂದು ಕಡೆಯಿಂದ, ಆಗಲೇ ಮೂಡಿರುವ ಚಿತ್ರದ ಮೇಲೆ ಬೀಳುತ್ತದೆ. ಈ ವ್ಯತ್ಯಾಸ ಲೋಹದಲ್ಲಿ ಉಳಿದೇ ಉಳಿಯುತ್ತದೆ.

ಇದನ್ನು ಪರೀಕ್ಷಿಸಲು ಎರಡು ಲೋಹದ ಹತ್ತು ರೂಪಾಯಿ ನಾಣ್ಯಕ್ಕಿಂತ ಒಳ್ಳೆಯ ಪಾಠವಿಲ್ಲ. ಅದರ ಬಳೆ ಬೇರೆ, ತಿರುಳು ಬೇರೆ. ಎರಡೂ ಸೇರುವುದು ಪ್ರೆಸ್ಸಿನಲ್ಲಿ, ಚಿತ್ರ ಮೂಡುವ ಅದೇ ಒತ್ತಿನಲ್ಲಿ. ಆ ಒತ್ತಡಕ್ಕೆ ಎರಡೂ ಲೋಹಗಳು ಹರಡಿ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ತಿರುಳಿಲ್ಲದ ಬಳೆಯೇ ಅಚ್ಚಿನ ಕೆಳಗೆ ಹೋಗಿದ್ದರೆ ಏನಾಗಬೇಕು? ಒಳಗಡೆ ತಡೆಯಲು ಏನೂ ಇಲ್ಲದ್ದರಿಂದ ಲೋಹ ಒಳಮುಖವಾಗಿ ಹರಿಯಬೇಕು, ರಂಧ್ರ ಕಿರಿದಾಗಬೇಕು, ಅದರ ಅಂಚು ಒಂದೇ ಸಮನಾಗಿರದೆ ದುಂಡಗೆ ಉಬ್ಬಿರಬೇಕು. ಪೇಟೆಯಲ್ಲಿ ತೋರಿಸುವ ಬಹುತೇಕ ಬಳೆಗಳಲ್ಲಿ ಇದ್ಯಾವುದೂ ಇರುವುದಿಲ್ಲ. ರಂಧ್ರ ಕಡೆದಷ್ಟು ಚೊಕ್ಕ, ಒಳಗೋಡೆಯಲ್ಲಿ ತಿರುಳು ಒತ್ತಿ ಕೂತಿದ್ದ ಗುರುತು ಸ್ಪಷ್ಟ, ಕೆಲವೊಮ್ಮೆ ಉಳಿಯೋ ಸ್ಕ್ರೂಡ್ರೈವರೋ ಕೆರೆದ ಗೀರು ಬೇರೆ. ಅಂದರೆ ಒತ್ತು ಬಿದ್ದಾಗ ತಿರುಳು ಅಲ್ಲೇ ಇತ್ತು, ಯಾರೋ ಆಮೇಲೆ ಹೊಡೆದು ಕಳಚಿದ್ದಾರೆ. ತಿರುಳು ಸರಿಯಾಗಿ ಕೂರದೆ ಬಳೆಯ ಮೇಲೆ ಹತ್ತಿ ಕೂತಿದ್ದಾಗ ಅಚ್ಚು ಬಿದ್ದ ನಾಣ್ಯದ ಲಕ್ಷಣ ಇನ್ನೂ ಸೊಗಸು: ಅಲ್ಲಿ ಲೋಹ ತಪ್ಪಿದ ಜಾಗದಲ್ಲಿರುತ್ತದೆ, ಚಿತ್ರ ಮಾತ್ರ ಸರಿಯಾದ ಜಾಗದಲ್ಲಿ, ಎರಡೂ ಬಣ್ಣಗಳ ಮೇಲೆ ಮುರಿಯದೆ ಹಾಯ್ದಿರುತ್ತದೆ. ಬಳೆಯ ಅಕ್ಷರಗಳು ನೆಟ್ಟಗಿದ್ದು ನಡುವಿನ ಸಿಂಹ ಮಾತ್ರ ಓರೆಯಾಗಿ ತಿರುಗಿದ್ದರೆ, ಅದು ಟಂಕಸಾಲೆಯ ಕೆಲಸವಾಗಲು ಸಾಧ್ಯವಿಲ್ಲ. ಒಂದೇ ಅಚ್ಚು ಒಂದೇ ಒತ್ತಿನಲ್ಲಿ ಮೂಡಿಸಿದ ಎರಡು ಚಿತ್ರಗಳು ಪರಸ್ಪರ ಓರೆಯಾಗುವುದು ಹೇಗೆ? ತಿರುಳನ್ನು ಕಳಚಿ ಮತ್ತೆ ಕೂರಿಸಿದವರ ಅವಸರ ಅದು. ಇದನ್ನು ಇನ್ನೊಂದು ನಿಜವಾದ ಎರರ್‌ನೊಂದಿಗೆ ಬೆರೆಸಬಾರದು. ನಮ್ಮ ನಾಣ್ಯದ ಒಂದು ಮುಖ ನೆಟ್ಟಗೆ ಹಿಡಿದು ಪುಸ್ತಕದ ಪುಟದ ಹಾಗೆ ಹೊರಳಿಸಿದರೆ ಇನ್ನೊಂದು ಮುಖವೂ ನೆಟ್ಟಗಿರಬೇಕು. ಪ್ರೆಸ್ಸಿನಲ್ಲಿ ಒಂದು ಅಚ್ಚು ಸಡಿಲಾಗಿ ತಿರುಗಿದ್ದರೆ ಆ ಮುಖ ಇಡಿಯಾಗಿ, ಬಳೆ ತಿರುಳು ಎರಡೂ ಸೇರಿ, ಓರೆಯಾಗಿರುತ್ತದೆ.

ಅಂಚು ಹಾರಿದ ನಾಣ್ಯದ ವಿಚಾರಕ್ಕೆ ಬರೋಣ. ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ಪೂರಿ ಕತ್ತರಿಸುವಾಗ, ಮುಚ್ಚಳ ಹಿಂದೆ ಕತ್ತರಿಸಿದ ತೂತಿನ ಮೇಲೆ ಸ್ವಲ್ಪ ಬಿದ್ದರೆ ಪೂರಿಯ ಒಂದು ಬದಿ ಕಮಾನಾಗಿ ಖಾಲಿಯಾಗುತ್ತದಲ್ಲ, ಲೋಹದ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದಾಗ ಬಿಲ್ಲೆಗೂ ಆಗುವುದು ಅದೇ. ಇದನ್ನು ಕ್ಲಿಪ್ ಎನ್ನುತ್ತಾರೆ. ಅರದಿಂದ ಉಜ್ಜಿ ಇಂಥ ಕಮಾನು ಮಾಡುವುದು ಕಷ್ಟವಲ್ಲ. ಆದರೆ ನಕಲು ಮಾಡುವವನು ಮರೆಯುವ ಸಂಗತಿಯೊಂದಿದೆ. ಬಿಲ್ಲೆ ಕತ್ತರಿಸಿದ ಮೇಲೆ ಅಂಚೆಬ್ಬಿಸುವ ಯಂತ್ರ ಅದನ್ನು ಎದುರುಬದುರು ಎರಡು ಕಡೆಯಿಂದ ಅಮುಕುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಎದುರು ಬದಿಗೂ ಒತ್ತಡ ಸಿಗದೆ, ಅಲ್ಲಿನ ಅಂಚು ಮಂಕಾಗುತ್ತದೆ. ಬ್ಲೇಕ್ಸ್‌ಲಿ ಪರಿಣಾಮ ಎಂದು ಹೆಸರಿರುವ ಈ ಗುರುತು ತುಂಡು ಹಾರಿದ ಜಾಗದಲ್ಲಲ್ಲ, ಅದರ ನೇರ ಎದುರಿಗೆ ಇರುತ್ತದೆ. ಇನ್ನೊಂದು ಸಾಕ್ಷಿ ಕಮಾನಿನ ಪಕ್ಕದ ಅಕ್ಷರಗಳಲ್ಲಿ. ಒತ್ತು ಬಿದ್ದಾಗ ಲೋಹ ಖಾಲಿ ಜಾಗದ ಕಡೆ ಹರಿದಿರುವುದರಿಂದ ಅವು ಆ ದಿಕ್ಕಿಗೆ ಎಳೆದು ಮಸುಕಾಗಿರುತ್ತವೆ. ಆಮೇಲೆ ಕತ್ತರಿಸಿದ್ದರೆ ಅಕ್ಷರ ಕೊನೆಯವರೆಗೂ ಗಟ್ಟಿಯಾಗಿದ್ದು ತಟ್ಟನೆ ತುಂಡಾಗುತ್ತದೆ. ಎದುರಿನ ಮಂಕು ಪ್ರತಿಯೊಂದು ಅಸಲಿ ಕ್ಲಿಪ್‌ನಲ್ಲೂ ಅಷ್ಟೇ ಢಾಳಾಗಿ ಕಾಣುವುದಿಲ್ಲ, ನಿಜ. ಅದು ಇಲ್ಲದಿದ್ದ ಮಾತ್ರಕ್ಕೆ ನಕಲಿ ಎನ್ನಲಾಗದು. ಅದೂ ಇಲ್ಲ, ಅಕ್ಷರಗಳ ಎಳೆತವೂ ಇಲ್ಲ, ಕಮಾನಿನಲ್ಲಿ ಅರದ ಗೀರೂ ಇದೆ ಎಂದಾದರೆ ಮಾತು ಮುಗಿಯಿತು.

ಬಿಲ್ಲೆ ಕಾಲರಿನೊಳಗೆ ಸರಿಯಾಗಿ ಕೂರದೆ ಅರ್ಧ ಹೊರಗೆ ಉಳಿದಾಗ ಒತ್ತು ಬಿದ್ದರೆ ಆಫ್ ಸೆಂಟರ್ ನಾಣ್ಯ ಹುಟ್ಟುತ್ತದೆ. ಅಲ್ಲಿ ಎರಡೂ ಮುಖಗಳ ಚಿತ್ರ ಒಂದೇ ಬದಿಗೆ ಸರಿದಿರಬೇಕು, ಉಳಿದ ಭಾಗ ಎರಡೂ ಕಡೆ ಬೋಳಾಗಿರಬೇಕು, ಹಿಡಿಯಲು ಕಾಲರ್ ಇರದ ಕಾರಣ ಆಕಾರ ಪೂರ್ತಿ ದುಂಡಗಿರಬಾರದು. ಒಂದೇ ಮುಖ ಬೋಳಾಗಿ ಇನ್ನೊಂದು ಮುಖ ಅಚ್ಚುಕಟ್ಟಾಗಿದ್ದರೆ ಸಾಣೆಕಲ್ಲಿನ ಮೇಲೆ ಅನುಮಾನ ಪಡಬೇಕು. ಇವೆಲ್ಲಕ್ಕಿಂತ ಕಣ್ಣಿಗೆ ಬೆರಗು ತರುವುದು ಬ್ರೋಕೇಜ್. ಒತ್ತು ಬಿದ್ದ ನಾಣ್ಯ ಕೆಳಗೆ ಉದುರದೆ ಮೇಲಿನ ಅಚ್ಚಿಗೇ ಅಂಟಿಕೊಂಡು, ಅಷ್ಟರಲ್ಲಿ ಮುಂದಿನ ಬಿಲ್ಲೆ ಬಂತು ಎಂದುಕೊಳ್ಳಿ. ಈಗ ಆ ಬಿಲ್ಲೆಯ ಮೇಲೆ ಅಚ್ಚು ಬೀಳುವುದಿಲ್ಲ, ಅಂಟಿಕೊಂಡ ನಾಣ್ಯ ಬೀಳುತ್ತದೆ. ಅದರ ತೆರೆದ ಮುಖದ ಚಿತ್ರ ಹೊಸ ಬಿಲ್ಲೆಯಲ್ಲಿ ತಗ್ಗಾಗಿ, ಕನ್ನಡಿಯ ಬಿಂಬದಂತೆ ಉಲ್ಟಾ ಮೂಡುತ್ತದೆ; ಕೆಳಗಿನ ಅಚ್ಚು ಅದೇ ಚಿತ್ರವನ್ನು ಇನ್ನೊಂದು ಬದಿಯಲ್ಲಿ ಎಂದಿನಂತೆ ಉಬ್ಬಾಗಿ ಮೂಡಿಸುತ್ತದೆ. ಆದ್ದರಿಂದ ಪೂರ್ತಿ ಬ್ರೋಕೇಜ್‌ನಲ್ಲಿ ಎರಡೂ ಕಡೆ ಒಂದೇ ಚಿತ್ರ: ಇತ್ತ ಉಬ್ಬು, ಅತ್ತ ತಗ್ಗು. ಎರಡು ನಾಣ್ಯಗಳನ್ನು ಬೆಂಚ್ ವೈಸ್‌ಗೆ ಕೊಟ್ಟು ಬಿಗಿದರೂ ತಗ್ಗಿನ ಉಲ್ಟಾ ಅಕ್ಷರಗಳು ಮೂಡುತ್ತವೆ. ಆದರೆ ಅವು ಮೂಡುವುದು ಮೊದಲೇ ಇದ್ದ ಚಿತ್ರದ ಮೇಲೆ. ಸಿಂಹದ ಕೇಸರದ ನಡುವೆ ಹತ್ತರ ಅಂಕಿ ನುಗ್ಗಿರುತ್ತದೆ, ಹಿಂಬದಿಯ ಉಬ್ಬುಗಳು ವೈಸ್‌ನ ಹಲ್ಲಿಗೆ ಸಿಕ್ಕಿ ಚಪ್ಪಟೆಯಾಗಿರುತ್ತವೆ. ಲೋಹಕ್ಕೆ ಎರಡು ಇತಿಹಾಸಗಳಿವೆ ಎಂದು ಅದೇ ಹೇಳುತ್ತಿರುತ್ತದೆ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಲರ್ ಇಲ್ಲದೆ ಒತ್ತು ತಿಂದ ನಾಣ್ಯವೂ ಅಗಲವಾಗುತ್ತದೆ, ಆದರೆ ಅದರ ನಡುವಿನ ಚಿತ್ರ ಚೂಪಾಗಿಯೇ ಉಳಿಯುತ್ತದೆ. ಹಳಿಯ ನಾಣ್ಯದಲ್ಲಿ ಚಿತ್ರವೇ ಹಿಗ್ಗಿ ಅಳಿಸಿರುತ್ತದೆ.

ಅಚ್ಚಿನ ತಪ್ಪುಗಳಿಗೆ ಒಂದು ಸರಳ ಸೂತ್ರವಿದೆ, ಸ್ವಲ್ಪ ಎಚ್ಚರದಿಂದ ಬಳಸಬೇಕು ಅಷ್ಟೆ. ಅಚ್ಚು ಬಿರುಕು ಬಿಟ್ಟರೆ ಅದರಲ್ಲಿ ಸೀಳು ಹುಟ್ಟುತ್ತದೆ, ಸೀಳಿನೊಳಗೆ ನಾಣ್ಯದ ಲೋಹ ನುಗ್ಗುತ್ತದೆ, ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ಅಚ್ಚಿನ ಅಂಚೇ ಮುರಿದು ಬಿದ್ದರೆ ಆ ಜಾಗದಲ್ಲಿ ಅಕ್ಷರವನ್ನೂ ನುಂಗಿದ ದಪ್ಪ ಗೆಡ್ಡೆ. ಹೊರಗಿನ ಗೀರು ಇದಕ್ಕೆ ವಿರುದ್ಧ: ತಗ್ಗಾಗಿರುತ್ತದೆ, ಉತ್ತ ಲೋಹ ಎರಡೂ ಬದಿಗೆ ದಿಣ್ಣೆಯಾಗಿ ನಿಂತಿರುತ್ತದೆ. ಇದಕ್ಕಿಂತ ಗಟ್ಟಿಯಾದ ಸಾಕ್ಷಿಯೂ ಇದೆ. ಅಚ್ಚಿನ ದೋಷ ಒಂದೇ ನಾಣ್ಯದಲ್ಲಿ ಇರಲಾರದು, ಆ ಅಚ್ಚು ಕೆಲಸ ಮಾಡುವಷ್ಟು ಹೊತ್ತೂ ಮರುಕಳಿಸುತ್ತದೆ. ಹಾಗಾಗಿ ಅಚ್ಚಿನ ಎರರ್ ಎಂದು ಹೇಳುತ್ತಲೇ ‘ಇಂಥದ್ದು ಪ್ರಪಂಚದಲ್ಲಿ ಇನ್ನೊಂದಿಲ್ಲ’ ಎಂದು ಕೂಗುವ ಮಾರಾಟಗಾರ ತನಗರಿವಿಲ್ಲದೆ ತನ್ನ ವಿರುದ್ಧವೇ ಸಾಕ್ಷಿ ನುಡಿಯುತ್ತಿರುತ್ತಾನೆ. ಅಮೆರಿಕದ ಡೆನ್ವರ್ ಟಂಕಸಾಲೆಯಲ್ಲಿ 1937ರಲ್ಲಿ ಹುಟ್ಟಿದ ‘ಮೂರು ಕಾಲಿನ ಬೈಸನ್’ ಐದು ಸೆಂಟು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಚ್ಚಿನ ಮೇಲಿನ ಗುರುತು ತೆಗೆಯಲು ಅತಿಯಾಗಿ ಉಜ್ಜಿದ್ದರಿಂದ ಬೈಸನ್ನಿನ ಒಂದು ಮುಂಗಾಲು ಮಾಯವಾಯಿತು. ಬೆಲೆ ಏರಿದ್ದೇ ತಡ, ಸಾಮಾನ್ಯ ನಾಣ್ಯದ ಕಾಲು ಕೆರೆದು ತೆಗೆಯುವವರೂ ಹುಟ್ಟಿಕೊಂಡರು. ಆದರೆ ಉಜ್ಜಿದ ಆ ಅಚ್ಚು ಕಾಲನ್ನು ಅಳಿಸಿದ್ದಷ್ಟೇ ಅಲ್ಲ, ಹೊಟ್ಟೆಯ ಕೆಳಗೆ ಉಬ್ಬಿದ ಚುಕ್ಕಿಗಳ ಸಾಲನ್ನೂ ಬಿಟ್ಟಿತ್ತು. ಕಾಲು ಕೆರೆಯುವುದು ಸುಲಭ; ಇಲ್ಲದ ಉಬ್ಬನ್ನು ನಾಣ್ಯದ ಮೇಲೆ ಬೆಳೆಸುವುದು ಕಷ್ಟ.

ಎಚ್ಚರ ಬೇಕು ಎಂದದ್ದು ಏಕೆಂದರೆ ತಗ್ಗಾಗಿದ್ದೆಲ್ಲ ಹಾನಿಯಲ್ಲ. ಬಿಲ್ಲೆಗೂ ಅಚ್ಚಿಗೂ ನಡುವೆ ಬಟ್ಟೆಯ ಎಳೆ, ತಂತಿಯ ಚೂರು ಸಿಕ್ಕಿಕೊಂಡರೆ ಅದರ ಗುರುತು ತಗ್ಗಾಗಿಯೇ ಮೂಡುತ್ತದೆ, ಅದು ಅಸಲಿ ಎರರ್. ಅಚ್ಚಿನ ಅಕ್ಷರದೊಳಗೆ ಗ್ರೀಸ್ ತುಂಬಿಕೊಂಡರೆ ನಾಣ್ಯದ ಮೇಲೆ ಆ ಅಕ್ಷರವೇ ಬರುವುದಿಲ್ಲ. ಸವೆತಕ್ಕೂ ಇದಕ್ಕೂ ವ್ಯತ್ಯಾಸವೆಂದರೆ, ಸವೆತ ಎತ್ತರದ ಜಾಗಗಳನ್ನು ಮೊದಲು ತಿನ್ನುತ್ತದೆ, ಗ್ರೀಸ್‌ಗೆ ಅಂಥ ಶಿಸ್ತಿಲ್ಲ. ಅಕ್ಕಪಕ್ಕದ ಅಕ್ಷರಗಳು ಹೊಸದಾಗಿ ಹೊಳೆಯುತ್ತಿರುವಾಗ ಒಂದೇ ಅಂಕಿ ಮಸುಕಾಗಿದ್ದರೆ ಅದು ಗ್ರೀಸ್‌ನ ಕೆಲಸವಿರಬೇಕು, ಸುತ್ತಲಿನ ಮೈ ಕೆರೆದಿಲ್ಲ ಎಂಬ ಷರತ್ತಿನೊಂದಿಗೆ. ಅಕ್ಷರ ಜೋಡಿಯಾಗಿ ಕಾಣುವ ನಾಣ್ಯಗಳಲ್ಲೂ ಹೀಗೇ ಎರಡು ಜಾತಿ. ಅಚ್ಚಿನಲ್ಲೇ ಎರಡು ಬಾರಿ ಮೂಡಿದ್ದರೆ ಎರಡೂ ಅಕ್ಷರಗಳು ತುಂಬಿಕೊಂಡು ಉಬ್ಬಾಗಿರುತ್ತವೆ. 1955ರ ಅಮೆರಿಕದ ಒಂದು ಸೆಂಟು ಇದಕ್ಕೆ ಹೆಸರಾದದ್ದು. ಸಡಿಲ ಅಚ್ಚು ಒತ್ತಿದ ಮೇಲೆ ಅದುರಿ ಪಕ್ಕಕ್ಕೆ ಜಾರಿದ್ದರೆ ಅಕ್ಷರದ ಬದಿ ತಟ್ಟಿ ಮೆಟ್ಟಿಲಿನಂತೆ ಚಪ್ಪಟೆಯಾಗಿರುತ್ತದೆ. ಎರಡನೆಯದೂ ಟಂಕಸಾಲೆಯಲ್ಲೇ ಆದದ್ದು, ಆದರೆ ತೀರಾ ಸಾಮಾನ್ಯವಾದ್ದರಿಂದ ಬಲ್ಲವರು ಅದಕ್ಕೆ ಹೆಚ್ಚುವರಿ ಬೆಲೆ ಕೊಡುವುದಿಲ್ಲ.

ತೂಕದ ಮಾತು ಬಂದರೆ ನಮ್ಮ ನಾಣ್ಯಗಳು ಸಹಾಯಕ್ಕೆ ನಿಲ್ಲುತ್ತವೆ. 2011ರ ಮಾಲಿಕೆಯಲ್ಲಿ ಒಂದು ರೂಪಾಯಿ 3.79 ಗ್ರಾಂ, 21.93 ಮಿಲಿಮೀಟರ್; ಎರಡು ರೂಪಾಯಿ 4.85 ಗ್ರಾಂ, 25 ಮಿಲಿಮೀಟರ್. ಎರಡರ ಅಚ್ಚಿನ ಕೆಳಗೆ ಒಂದರ ಬಿಲ್ಲೆ ನುಸುಳಿತು ಎಂದರೆ, ತೂಕ ಒಂದರದ್ದೇ ಇರಬೇಕು, ಬಿಲ್ಲೆ ಚಿಕ್ಕದಾದ್ದರಿಂದ ಹೊರಸುತ್ತಿನ ಅಕ್ಷರಗಳಿಗೆ ಲೋಹ ಸಾಲದೆ ಅವು ಅರ್ಧಕ್ಕೇ ನಿಂತಿರಬೇಕು. ಆಮ್ಲದಲ್ಲಿ ಅದ್ದಿ ಸಣ್ಣದು ಮಾಡಿದ ನಾಣ್ಯದಲ್ಲಿ ತೂಕ ಯಾವ ಬಿಲ್ಲೆಗೂ ಹೊಂದುವುದಿಲ್ಲ, ಚಿತ್ರ ಮಾತ್ರ ಪೂರ್ತಿಯಿದ್ದು ಕೃಶವಾಗಿರುತ್ತದೆ. ಅಮೆರಿಕದಲ್ಲಿ ಯುದ್ಧಕ್ಕೆ ತಾಮ್ರ ಉಳಿಸಲು 1943ರ ಸೆಂಟುಗಳನ್ನು ಸತು ಬಳಿದ ಉಕ್ಕಿನಲ್ಲಿ ಮಾಡಿದರು. ಉಳಿದುಹೋಗಿದ್ದ ಕೆಲವೇ ಕಂಚಿನ ಬಿಲ್ಲೆಗಳು ಅದರ ನಡುವೆ ಸೇರಿಕೊಂಡವು. ಅಂಥದ್ದೊಂದು ಸಿಕ್ಕರೆ ದೊಡ್ಡ ಮೊತ್ತ. ಅದಕ್ಕೇ ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿದವು ಬೇಕಾದಷ್ಟು ಬಂದವು, ಒಂದು ಅಯಸ್ಕಾಂತಕ್ಕೇ ಸಿಕ್ಕಿಬಿದ್ದವು. ನಮ್ಮಲ್ಲೂ ಉಕ್ಕಿನ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ, ಹಳೆಯ ತಾಮ್ರ-ನಿಕ್ಕಲ್ ಐದು ರೂಪಾಯಿ ಅಂಟುವುದಿಲ್ಲ. ಬಣ್ಣವನ್ನು ಮಾತ್ರ ನಂಬಬಾರದು. ಹುಣಸೆಹಣ್ಣಿನಲ್ಲಿ ತಿಕ್ಕಿದ್ದು, ವರ್ಷಗಟ್ಟಲೆ ದೇವರ ಮನೆಯ ಅರಿಸಿನ ಕುಂಕುಮದಲ್ಲಿ ಕೂತದ್ದು, ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ಕಿತ್ತದ್ದು, ಇವೆಲ್ಲ ನಾಣ್ಯದ ಮೈಬಣ್ಣವನ್ನು ವಿಚಿತ್ರವಾಗಿ ಬದಲಿಸುತ್ತವೆ.

ಎರಡೂ ಕಡೆ ಒಂದೇ ಮುಖವಿರುವ ನಾಣ್ಯವೆಂದರೆ ನಮ್ಮವರಿಗೆ ನೆನಪಾಗುವುದು ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಶೋಲೆ’ಯ ಜೈ. ಜೇಬಿನಲ್ಲಿ ಅಂಥದ್ದನ್ನು ಇಟ್ಟುಕೊಳ್ಳುವವರು ಸಾಮಾನ್ಯವಾಗಿ ಜಾದೂಗಾರರು. ಒಂದು ನಾಣ್ಯದ ಒಳಗನ್ನು ಕೊರೆದು, ಇನ್ನೊಂದರ ಮುಖವನ್ನು ತೆಳುವಾಗಿ ಕಡೆದು ಅದರಲ್ಲಿ ಕೂರಿಸುತ್ತಾರೆ. ಅಂಚಿನ ಒಳಸುತ್ತಿನಲ್ಲಿ ಕೂದಲೆಳೆಯಷ್ಟು ಬೆಸುಗೆ ಭೂತಗನ್ನಡಿಗೆ ಕಾಣುತ್ತದೆ, ಮೇಜಿನ ಮೇಲೆ ಕುಟ್ಟಿದರೆ ಸದ್ದೂ ಬೇರೆ. ಹೊಂದದ ಎರಡು ಅಚ್ಚುಗಳು ಸೇರಿ ಹುಟ್ಟುವ ನಿಜವಾದ ನಾಣ್ಯಗಳೂ ಇವೆ. ಬ್ರಿಟನ್ನಿನಲ್ಲಿ 2008ರಲ್ಲಿ 20 ಪೆನ್ಸಿಗೆ ಹೊಸ ವಿನ್ಯಾಸ ಬಂದು, ಇಸವಿ ಹಿಂಬದಿಯಿಂದ ರಾಣಿಯ ಮುಖದ ಬದಿಗೆ ಸ್ಥಳಾಂತರಗೊಂಡಿತು. ಒಂದಷ್ಟು ನಾಣ್ಯಗಳಿಗೆ ರಾಣಿಯ ಹಳೆಯ ಅಚ್ಚನ್ನೇ ಹೊಸ ಹಿಂಬದಿಯ ಜತೆ ಹಾಕಿದ್ದರಿಂದ ಯಾವ ಮುಖದಲ್ಲೂ ಇಸವಿಯೇ ಇಲ್ಲವಾಯಿತು. ಎರಡೂ ಅಚ್ಚುಗಳು ಆ ಟಂಕಸಾಲೆಯಲ್ಲಿ ಆಗ ಇದ್ದವು ಎಂಬುದೇ ಈ ಎರರ್‌ನ ಆಧಾರ. ಇನ್ನು ಎರರ್ ಅಲ್ಲವೇ ಅಲ್ಲದ್ದನ್ನು ಎರರ್ ಎನ್ನುವುದು ಬೇರೆಯೇ ಕಥೆ. ಇಸವಿಯ ಕೆಳಗೆ ಗುರುತಿಲ್ಲದಿದ್ದರೆ ಅದು ಕೋಲ್ಕತ್ತದ್ದು, ಅಷ್ಟೇ. ಮುಂಬೈ, ಹೈದರಾಬಾದ್, ನೋಯ್ಡಾಗಳಿಗೆ ಗುರುತಿವೆ, ಕೋಲ್ಕತ್ತಕ್ಕಿಲ್ಲ. ಹತ್ತು ರೂಪಾಯಿಯ ಗೆರೆಗಳು ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಹದಿನೈದು ಇವೆಯೆಂದು ವ್ಯಾಪಾರಿಗಳು ಪಡೆಯದೇ ಇದ್ದಾಗ, ಚಲಾವಣೆಯಲ್ಲಿರುವ 14 ವಿನ್ಯಾಸಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2012ರ ವೈಷ್ಣೋದೇವಿ ಸ್ಮಾರಕ ನಾಣ್ಯವೂ ಹಾಗೆಯೇ, ಸರ್ಕಾರ ಬೇಕೆಂದೇ ಹೊರಡಿಸಿದ ವಿನ್ಯಾಸ.

ಈ ಇಡೀ ವಾದಕ್ಕೆ ಬರುವ ಮೊದಲ ಆಕ್ಷೇಪ, ಕಾರ್ಖಾನೆಯಲ್ಲಿ ಏನು ಬೇಕಾದರೂ ಆಗಬಹುದಲ್ಲ ಎನ್ನುವುದು. ಆಗಲಾರದು. ಪ್ರೆಸ್ಸಿನಲ್ಲಿ ಅರವಿಲ್ಲ, ಆಮ್ಲದ ಬಟ್ಟಲಿಲ್ಲ, ಸಿಮೆಂಟ್ ರಸ್ತೆಯಿಲ್ಲ. ಇರುವ ನಾಲ್ಕಾರು ಉಪಕರಣಗಳು ಬಿಡಬಹುದಾದ ಗುರುತುಗಳಿಗೆ ಮಿತಿಯಿದೆ, ಬೀದಿ ಬಿಡಬಹುದಾದ ಗುರುತುಗಳಿಗೆ ಮಿತಿಯಿಲ್ಲ. ಆದ್ದರಿಂದಲೇ ತೀರಾ ವಿಚಿತ್ರವಾದ ನಾಣ್ಯ ಟಂಕಸಾಲೆಯದ್ದಾಗಿರುವ ಸಂಭವ ಕಡಿಮೆ. ಎರಡನೆಯದು, ತಜ್ಞ ಸಂಸ್ಥೆಗಳು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಪ್ರಮಾಣಪತ್ರ ಕೊಡುತ್ತವಲ್ಲ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದು. ಅವುಗಳ ಅಭಿಪ್ರಾಯಕ್ಕೆ ತೂಕವಿದೆ, ಒಪ್ಪೋಣ. ಆದರೆ ಅವರು ನೋಡುವುದೂ ಇದೇ ಲೋಹವನ್ನು, ಮತ್ತು ನಕಲಿ ಡಬ್ಬಿಗಳೂ ಪೇಟೆಗೆ ಬಂದಿವೆ. ಮೂರನೆಯ ಆಕ್ಷೇಪ ನಿಜಕ್ಕೂ ಗಟ್ಟಿ. ಟಂಕಸಾಲೆಯ ಒಳಗಿನವರೇ ಬೇಕೆಂದು ಮಾಡಿ ಹೊರಗೆ ತಂದಿದ್ದರೆ? ಅಮೆರಿಕದ 1913ರ ಲಿಬರ್ಟಿ ಐದು ಸೆಂಟುಗಳು ಜಗತ್ತಿನಲ್ಲಿ ಇರುವುದು ಐದೇ, ಆ ವರ್ಷ ಅವನ್ನು ಮಾಡಲು ಅನುಮತಿಯೇ ಇರಲಿಲ್ಲ. ಇಲ್ಲಿ ಲೋಹದ ಸಾಕ್ಷ್ಯ ಕೈಚೆಲ್ಲುತ್ತದೆ. ಎಲ್ಲಿ, ಯಾವ ಯಂತ್ರದಲ್ಲಿ ಎಂದು ಅದು ಹೇಳಬಲ್ಲದು, ಯಾವ ಉದ್ದೇಶದಿಂದ ಎಂದು ಹೇಳಲಾರದು. ಹಾನಿಗೊಂಡದ್ದೂ ಒಂದು ಬಗೆಯ ಅಪರೂಪವೇ ತಾನೇ ಎನ್ನುವವರೂ ಇದ್ದಾರೆ. ರಸ್ತೆಯಲ್ಲಿ ಉಜ್ಜಿದ ಪ್ರತಿಯೊಂದು ನಾಣ್ಯವೂ ಅಪರೂಪದ್ದೇ, ಅದನ್ನು ಇನ್ನೊಂದು ಗಂಟೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಕಾನೂನೂ ಇದನ್ನು ಮೆಚ್ಚುವುದಿಲ್ಲ. 2011ರ ನಾಣ್ಯ ಕಾಯ್ದೆಯಡಿ ವಿರೂಪಗೊಂಡ, ನಿಗದಿತ ಮಿತಿಗಿಂತ ತೂಕ ಕಳೆದುಕೊಂಡ ನಾಣ್ಯ ಚಲಾವಣೆಗೆ ಸಲ್ಲದು. ನಾಣ್ಯ ಕರಗಿಸುವುದು, ನಾಶಪಡಿಸುವುದು ಶಿಕ್ಷಾರ್ಹ.

ಈ ಅಳತೆಗೋಲು ಯಂತ್ರಯುಗಕ್ಕೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಸೇರಿಸಬೇಕು. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಹುಟ್ಟಿದ ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸುಗಳಲ್ಲಿ ಆನೆಯ ಸೊಂಡಿಲೋ ಬಾಲವೋ ಅಂಚಿನಾಚೆ ಹೋಗಿರುವುದು ಸಾಮಾನ್ಯ. ಸುತ್ತಿಗೆಯಿಂದ ಕೈಯಲ್ಲಿ ಹೊಡೆದು ಮುದ್ರೆ ಒತ್ತಿದ, ಕಾಲರ್ ಇಲ್ಲದ ಕಾಲದ ನಾಣ್ಯಗಳಲ್ಲಿ ಚಿತ್ರ ನಡುವೆ ಕೂರುವುದೇ ವಿಶೇಷ. ಅದನ್ನು ಆಫ್ ಸೆಂಟರ್ ಎರರ್ ಎಂದು ಹೆಚ್ಚು ಬೆಲೆಗೆ ಮಾರುವುದು ಅಜ್ಞಾನ, ಇಲ್ಲವೇ ಕೊಳ್ಳುವವನ ಅಜ್ಞಾನದ ಮೇಲಿನ ಭರವಸೆ.

ಇಷ್ಟಾದರೂ ತೀರ್ಮಾನವಾಗದ ನಾಣ್ಯಗಳು ಉಳಿಯುತ್ತವೆ. ಚಿಕ್ಕ ತಗ್ಗೊಂದು ಒತ್ತಿನ ಗಳಿಗೆಯಲ್ಲಿ ಸಿಕ್ಕಿಕೊಂಡ ಲೋಹದ ಚೂರಿನದೋ, ಬಸ್ಸಿನ ಕಂಡಕ್ಟರ್ ಚೀಲದಲ್ಲಿ ಬಿದ್ದ ಪೆಟ್ಟಿನದೋ ಎಂಬುದು ನಾಣ್ಯ ಒಂದಿಷ್ಟು ಸವೆದ ಮೇಲೆ ಭೂತಗನ್ನಡಿಗೂ ಹೊಳೆಯುವುದಿಲ್ಲ. ಮಾರುವವರು ಎರಡೂ ಮುಖ, ಅಂಚು, ತೂಕ ನಾಲ್ಕನ್ನೂ ತೋರಿಸಿದರೆ ಚರ್ಚೆಗೆ ಏನಾದರೂ ಸಿಗುತ್ತದೆ. ಒಂದೇ ಮುಖದ ಮಸುಕು ಫೋಟೊ ಹಾಕಿ ಬೆಲೆಯನ್ನು ದಪ್ಪಕ್ಷರದಲ್ಲಿ ಬರೆದಿದ್ದರೆ ಅದೂ ಇಲ್ಲ. ಹಾಗೆ ಗೊಂದಲದಲ್ಲಿ ಉಳಿದ ಐದು ರೂಪಾಯಿ ನಾಣ್ಯವನ್ನು ಐದು ರೂಪಾಯಿಗೆ ತೆಗೆದುಕೊಳ್ಳಬಹುದು, ಆರು ಕೊಡಬೇಕಾಗಿಲ್ಲ.